ಸೊಳ್ಳೆಪರದೆಯ ಬೇಟೆ

ಕೆರೆಯ ದಂಡೆಯಲ್ಲಿ ಅಷ್ಟು ಜನ ಗಾಳ ಹಾಕಿ ಕೂತಿದ್ದಾಗ, ಫೋಟೋ ಸ್ಟುಡಿಯೋದವನು ತನ್ನ ಜನ್ಮದ ಮೊದಲ ಗಾಳವನ್ನು ಬೀಸಿದ. ಕೊಕ್ಕೆ ನೀರಿಗೆ ಬೀಳಲಿಲ್ಲ. ಅವನದೇ ಪ್ಯಾಂಟಿನ ಹಿಂಭಾಗದಲ್ಲಿ ಹೋಗಿ ಕೂತಿತು. ಎಳೆದ. ಇನ್ನೂ ಭದ್ರವಾಗಿ ಕೂತಿತು.

ಪಕ್ಕದಲ್ಲಿದ್ದ ಅತ್ತಿಗೆ ದರ್ಜಿ. ಆ ಪ್ಯಾಂಟು ಹೊಲಿದವಳೂ ಅವಳೇ. ಚೀಲದಿಂದ ಕತ್ತರಿ ತೆಗೆದು, ಎಲ್ಲರೆದುರು ಮೈದುನನನ್ನು ಬಗ್ಗಿಸಿ ನಿಲ್ಲಿಸಿ, ಬಟ್ಟೆ ಕತ್ತರಿಸಿ ಕೊಕ್ಕೆ ಬಿಡಿಸಿದಳು.

"ಇಷ್ಟು ದೊಡ್ಡದು ಇವತ್ತು ಯಾರಿಗೂ ಬಿದ್ದಿಲ್ಲ. ಆದ್ರೆ ತಿನ್ನೋಕಾಗಲ್ಲ, ಬಿಟ್ಬಿಡ್ತೀನಿ."

ದಂಡೆಗೆ ದಂಡೆಯೇ ನಕ್ಕಿತು. ಅವನ ಬಾಯಿ ಬುದ್ಧಿಗಿಂತ ಮುಂದೆ ಓಡಿತು. "ನಗಿ, ನಗಿ. ನಾನೂ ಹಿಡೀತೀನಿ. ಹಿಡಿದದ್ದನ್ನ ಒಂದೂ ಬಿಡದೆ ನಾನೇ ತಿಂದು ತೋರಿಸ್ತೀನಿ."

"ಆಯ್ತಪ್ಪ. ಇಷ್ಟು ಜನ ಸಾಕ್ಷಿ ಇದ್ದೀವಿ," ಎಂದಳು ಅತ್ತಿಗೆ.

ಅತ್ತಿಗೆಯ ಗಂಡನ ಕೆಲಸ ಹೋಗಿದ್ದ ವರ್ಷ ಆ ಮನೆಗೆ ಅನ್ನ ಹಾಕಿದ್ದು ಈ ಕೆರೆ. ಅಂದಿನಿಂದ ಅತ್ತಿಗೆಗೆ ಅದು ಇನ್ನೊಂದು ಅಡುಗೆಮನೆ, ಅದಕ್ಕೊಂದು ಕಟ್ಟಳೆ. ಹಿಡಿದವರೇ ಹೆಚ್ಚಿ ತೊಳೆಯಬೇಕು, ಹಿಡಿದವರು ತಿನ್ನಲೇಬೇಕು. ಅಂಗೈಗಿಂತ ಚಿಕ್ಕದು, ಮೊಟ್ಟೆ ತುಂಬಿದ್ದು ವಾಪಸ್ಸು ನೀರಿಗೆ. ಜೊಂಡು ಬೆಳೆದ ಮೂಲೆಗೆ ಗಾಳ ಹಾಕುವಂತೆಯೇ ಇಲ್ಲ. ಮರಿಗಳು ಬೆಳೆಯುವುದು ಅಲ್ಲಿ.

ಅಳತೆ ಕೊಡಲು ಬಂದವರಿಗೆಲ್ಲ ಅತ್ತಿಗೆ ಪ್ಯಾಂಟಿನ ಕಥೆ ಹೇಳಿದಳು. ಸ್ಟುಡಿಯೋಗೆ ಬಂದವರು, "ಸಾರ್, ನಿಮ್ಮ ಹಿಂದಿನ ಫೋಟೋ ಇದ್ಯಾ?" ಎಂದು ಕೇಳತೊಡಗಿದರು. ಅವನು ಹಟಕ್ಕೆ ಬಿದ್ದ. ಅತ್ತಿಗೆ ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಮುಳುಗಿದ್ದ ವಾರ ಹಳೇ ಸೊಳ್ಳೆಪರದೆ ಹೊತ್ತು ಕೆರೆಗಿಳಿದ. ನೇರ ಜೊಂಡಿನ ಮೂಲೆಗೇ ಹೋದ. ಗುಡಿಸಿದ ಹಾಗೆ ಗುಡಿಸಿದ.

ಹೊಲಿಗೆ ಯಂತ್ರದ ಮುಂದೆ ಬುಟ್ಟಿ ಕುಕ್ಕಿದಾಗ ಎದೆಯೆಲ್ಲ ಉಬ್ಬಿತ್ತು. "ಯಾರಿಗೂ ಬಿದ್ದಿಲ್ಲ ಅಂದ್ರಲ್ಲ, ನೋಡಿ."

ಬುಟ್ಟಿ ತುಂಬ ಬೆರಳುದ್ದದ ಮರಿಗಳು, ನಡುವೆ ಬಸುರಿ ಮೀನುಗಳು. ಅತ್ತಿಗೆ ಒಂದನ್ನೆತ್ತಿ ಹೊಟ್ಟೆ ಒತ್ತಿದಳು. ಮೊಟ್ಟೆ ಅವಳ ಬೆರಳಿಗೆ ಅಂಟಿಕೊಂಡಿತು. ಕೂಗಾಡಿದ್ದರೆ ಅವನು ಗೆದ್ದೆನೆಂದುಕೊಳ್ಳುತ್ತಿದ್ದ. ಅವಳು ಮಣೆ, ಚಾಕು, ನೀರಿನ ಬೋಗುಣಿ ತಂದಿಟ್ಟಳು.

"ಕೂತ್ಕೊ."

"ಇಷ್ಟನ್ನೂನಾ?"

"ಒಂದೂ ಬಿಡದೆ ಅಂದಿದ್ದು ನಾನಲ್ಲ."

ಅವನು ಅಣ್ಣನ ಕಡೆ ನೋಡಿದ. ಅಣ್ಣ ಪೇಪರಿನ ಹಿಂದೆ ಮರೆಯಾದ. "ನಾನೂ ಅವತ್ತು ಅಲ್ಲೇ ಇದ್ದೆ ಕಣೋ," ಎಂದು ಪೇಪರು ಮಾತಾಡಿತು.

ಹೆಚ್ಚುತ್ತ ಕೂತವನ ಬೆರಳುಗಳೆಲ್ಲ ಮುಳ್ಳು ಚುಚ್ಚಿ ಊದಿಕೊಂಡವು. ಬೆಕ್ಕು ಬಂದಾಗ ಮೆಲ್ಲಗೆ ಒಂದು ಹಿಡಿ ಅದರತ್ತ ಸರಿಸಿದ. ಯಂತ್ರ ನಿಂತಿತು. "ಹಿಡಿದದ್ದು ಅದಲ್ಲ," ಎಂದಳು ಅತ್ತಿಗೆ. ಬೆಕ್ಕು ಹೊರಗೆ ಹೋಯಿತು, ಮೈದುನ ಒಳಗೇ ಉಳಿದ. ಆ ಹೊತ್ತಿಗೆ ತಿನ್ನಲಾಗದ್ದನ್ನು ಅವನ ಕೈಯಲ್ಲೇ ಉಪ್ಪು ಸವರಿಸಿ ತಾರಸಿ ಮೇಲೆ ಒಣಗಲು ಹಾಕಿಸಿದಳು.

ಮಹಡಿಯ ಕೋಣೆಯಲ್ಲಿ ಮಲಗಿ ಅತ್ತಿಗೆಯ ಅಡುಗೆಮನೆಯಲ್ಲಿ ಉಣ್ಣುವ ಬ್ರಹ್ಮಚಾರಿ ಎಲ್ಲಿಗೆ ಹೋದಾನು? ಹೋಟೆಲಿಗೆ ನುಗ್ಗಿದರೆ ಅಲ್ಲಿಯೂ ಯಾರೋ ಒಬ್ಬ ಸಾಕ್ಷಿ: "ಏನ್ ಸಾರ್, ಮುಗೀತಾ?" ಅಣ್ಣನ ತಟ್ಟೆಯಲ್ಲಿ ಬಿಸಿ ಸೊಪ್ಪು, ಹುರಿದ ಮೊಟ್ಟೆ, ಇವನದರಲ್ಲಿ ಕಡ್ಡಿಯಂಥ ಮೀನು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ.

ಭಾನುವಾರ ಅತ್ತಿಗೆ ಅವನನ್ನು ಕೆರೆಗೆ ಕರೆದೊಯ್ದು ಜೊಂಡಿನ ಮುಂದೆ ಕೂರಿಸಿದಳು. ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಎಷ್ಟು ಹೊತ್ತು ಕೂತರೂ ಏಳಲಿಲ್ಲ. ದಂಡೆಯಲ್ಲಿ ಅಂದು ಯಾರೂ ನಗಲಿಲ್ಲ. ಅದು ಅವನಿಗೆ ಪ್ಯಾಂಟಿಗಿಂತ ಕಷ್ಟವಾಯಿತು.

ಮನೆಗೆ ಬಂದು ಊಟಕ್ಕೆ ಕೂತಾಗ ತಲೆ ತಗ್ಗಿಸಿಯೇ ಕೇಳಿದ: "ತಪ್ಪಾಯ್ತು ಅತ್ತಿಗೆ. ನಿಮ್ಮ ಸಿಟ್ಟು ಇನ್ನೂ ಇಳಿದಿಲ್ವಾ?"

ಅತ್ತಿಗೆ ಒಣಮೀನಿನ ಬುಟ್ಟಿಯ ಮುಚ್ಚಳ ಎತ್ತಿ ಒಳಗೆ ಇಣುಕಿದಳು.

"ಇನ್ನೂ ಅರ್ಧ ಇದೆ."