ಸೌಟಿನ ಬೆನ್ನು

ಮೊಮ್ಮಗಳು ಬಂಜಾರ್ ಮಾತು ಕಲಿಯುತ್ತೇನೆ ಅಂದಾಗ ನಮ್ಮ ಲಂಬಾಣಿಗರ ಮಾತು ಇರಬೇಕು ಅಂದುಕೊಂಡೆ. ಅಲ್ಲವಂತೆ. ಇಂಡೋನೇಷ್ಯಾದ ಬೋರ್ನಿಯೊ ಕಡೆ ಹೊಳೆದಂಡೆಯ ಜನರ ಮಾತಂತೆ. ಹೊಳೆ ನೀರಿನ ಮೇಲೆ ಏನೋ ಓದಲು ನಾಲ್ಕು ತಿಂಗಳು ಅಲ್ಲಿಗೆ ಹೋಗುವವಳಿದ್ದಳು. ನಾನು ಮಗಳ ಮನೆಯಲ್ಲಿರುವ ಈ ಪರದೇಶದಲ್ಲಿ, ಕ್ವೀನ್ಸ್ ಎಂಬ ಕಡೆ, ಇಂಡೋನೇಷ್ಯಾದವರ ಸಂತೆ ನಡೆಯುತ್ತದೆ. ಅಲ್ಲಿ ಊಟ ಮಾರುವ ಹೆಂಗಸೊಬ್ಬಳ ಅಕ್ಕ ಬೋರ್ನಿಯೊದಲ್ಲಿದ್ದಾಳೆ, ಮೊಮ್ಮಗಳ ವಾಸ ಅವಳ ಮನೆಯಲ್ಲಿ.

ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಾದರೆ ಅವಳ ಫೋನು ಪ್ರವಾಸಿಗಳಿಗೆ ಬೇಕಾಗುವ ಮಾತುಗಳ ಪಟ್ಟಿಯೊಂದನ್ನು ಒದರುತ್ತಿತ್ತು. ಅಪಾ ಹಬಾರ್, ಹೇಗಿದ್ದೀರಿ. ತರಿಮಾ ಕಾಸಿ, ಉಪಕಾರವಾಯಿತು. ಲಾರಾಂಗ್ ಬನಾರ್, ಬಹಳ ತುಟ್ಟಿ. ನನಗೆ ಓದುಬರಹ ಅಷ್ಟಕ್ಕಷ್ಟೆ, ಕಿವಿ ಮಾತ್ರ ಚುರುಕು.

ಅವಳಿಗೆ ಸಿಗಡಿ ಆಗುವುದಿಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಒಮ್ಮೆ ಆಂಬುಲೆನ್ಸ್ ಕರೆಸಿದ್ದೆವು. ಪ್ರವಾಸಿಗಳ ಆ ಪಟ್ಟಿಯಲ್ಲಿ ಚೌಕಾಸಿಗೆ ಮಾತಿತ್ತು, ಪಾಯಖಾನೆ ಎಲ್ಲಿ ಅನ್ನಲು ಮಾತಿತ್ತು, ಸಿಗಡಿ ಆಗುವುದಿಲ್ಲ ಅನ್ನಲು ಇರಲಿಲ್ಲ.

"ಸಿಗಡಿಗೆ ಏನಂತಾರ?"

"ಹುಂದಾಂಗ್. ಉಲುನ್ ಕಡಾ ಕಾವಾ ಮಕಾನ್ ಹುಂದಾಂಗ್. ನಾನು ಸಿಗಡಿ ತಿನ್ನೋ ಹಾಗಿಲ್ಲ ಅಂತ. ಆ ಸಂತೆ ಆಂಟೀನೇ ವಾಯ್ಸ್ ಮೆಸೇಜ್ ಕಳ್ಸಿದಾರೆ. ಅವರಕ್ಕಂಗೂ ಗೊತ್ತು. ರಿಲ್ಯಾಕ್ಸ್ ಅಜ್ಜಿ."

"ಗೊತ್ತೈತಿ ಅನ್ನೋರನ್ನ ನಾ ಭಾಳ ನೋಡೇನಿ."

ನೋಡಿದ್ದೇನೆ ಅಂದರೆ, ನಾನೇ ಅಂಥವಳು. ಧಾರವಾಡದಲ್ಲಿ ಖಾನಾವಳಿ ಇಟ್ಟಿದ್ದೆ. ಜೈನರ ಮಾಸ್ತರೊಬ್ಬರು ದಿನಾ ಬರುತ್ತಿದ್ದರು.

"ಅಕ್ಕಾರ, ಪಲ್ಯಾಕ್ಕ ಬಳ್ಳೊಳ್ಳಿ ಇಲ್ಲಲ್ರಿ?"

"ಇಲ್ರೀ ಮಾಸ್ತರ್ರ."

ತಲೆ ಎತ್ತದೆ ಹೇಳುತ್ತಿದ್ದೆ. ಪಲ್ಯಕ್ಕೆ ಹಾಕುತ್ತಿರಲಿಲ್ಲ, ಅದು ಖರೆ. ಆದರೆ ಬೆಳ್ಳುಳ್ಳಿ ಒಗ್ಗರಣೆಯ ಬೇಳೆಯಲ್ಲಿ ಆಡಿಸಿದ ಸೌಟೇ ಪಲ್ಯಕ್ಕೂ ಇಳಿಯುತ್ತಿತ್ತು. ಗದ್ದಲದ ಹೊತ್ತಿನಲ್ಲಿ ಸೌಟು ತೊಳೆಯುತ್ತ ಕೂರುವವರು ಯಾರು?

ಒಂದು ಶನಿವಾರ ಮಗಳಿಂದ ಡ್ರೈವ್ ಮಾಡಿಸಿಕೊಂಡು ಕ್ವೀನ್ಸ್‌ಗೆ ಹೋದೆ. ಅವಳು ಪಾರ್ಕಿಂಗ್ ಹುಡುಕುವಷ್ಟರಲ್ಲಿ ನಾನು ಇಳಿದು ಸಂತೆಯೊಳಗೆ ಸೇರಿದೆ. ಮೊಮ್ಮಗಳು ಫೋಟೋ ತೋರಿಸಿದ್ದಳು, ಆ ಹೆಂಗಸನ್ನು ಗುರುತು ಹಿಡಿದೆ. ನಾನು ಯಾರೆಂದು ಹೇಳಲಿಲ್ಲ. ಕೆಂಪು ಚಟ್ನಿಗೆ ಬೆರಳು ತೋರಿಸಿ, "ಅಡಾ ಹುಂದಾಂಗ್ ಕಾ?" ಸಿಗಡಿ ಇದೆಯೇ ಎಂದು ಕೇಳಿದೆ.

"ಅಡಾ, ಅಡಾ!" ಇದೆ ಎಂದು ಚಟ್ನಿಯ ತಟ್ಟೆಯನ್ನೇ ನನ್ನಿಂದ ಆಚೆ ಸರಿಸಿದಳು.

ಇದೇನು ದೊಡ್ಡದಲ್ಲ. ವಾಸನೆ ಬರುವುದನ್ನು ಯಾರು ಮುಚ್ಚಿಡುತ್ತಾರೆ? ಸೊಪ್ಪಿನ ಪಾತ್ರೆ ತೋರಿಸಿ ಮತ್ತೆ ಕೇಳಿದೆ.

"ಕಡಾ." ಇಲ್ಲ.

ತಲೆ ಎತ್ತಲಿಲ್ಲ. ಆ 'ಇಲ್ಲ' ನನಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಚಟ್ನಿಯದೇ ಸೌಟು, ಅದರ ಬೆನ್ನಿಗೆ ಕೆಂಪು ಇನ್ನೂ ಅಂಟಿತ್ತು. ಅದು ಸೊಪ್ಪಿಗೆ ಇಳಿಯುವ ಮೊದಲೇ ಮಣಿಕಟ್ಟು ಹಿಡಿದೆ.

"ಏ! ಸೌಟು!"

ಆಗ ಮಗಳು ಓಡಿ ಬಂದಳು. "ಅವ್ವಾ, ಯಾರ ಕೈ ಹಿಡದೀ? ಬಿಡ, ನಾಚಿಕಿ ಇಲ್ಲೇನ?"

ಹೆಂಗಸು ಸೌಟು ನೋಡಿದಳು, ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. "ಅಜ್ಜಿ?" ಅಂದಳು. ನಮ್ಮ ಹುಡುಗಿ ಹಾಗೆ ಕರೆಯುವುದನ್ನು ಕೇಳಿರಬೇಕು. ಈಗ ಬೆಣ್ಣೆ ಹಚ್ಚುತ್ತಾಳೆ ಅಂದುಕೊಂಡೆ. ಹಚ್ಚಲಿಲ್ಲ. ಸೊಪ್ಪಿನ ಪಾತ್ರೆಯನ್ನು ಎತ್ತಿ ಕಸದ ಚೀಲಕ್ಕೆ ಸುರಿದಳು. ಬೆಳಗಿನಿಂದಲೂ ಅದೇ ಸೌಟು ಅದರಲ್ಲಿ ಆಡಿತ್ತು ಅಂತ ಆಗ ತಿಳಿಯಿತು.

ಆಮೇಲೆ ಫೋನು ತೆಗೆದು ಅಕ್ಕನಿಗೆ ಉದ್ದದ ಮೆಸೇಜ್ ಹೇಳಿದಳು. ನನಗೆ ತಿಳಿದದ್ದು ಹುಂದಾಂಗ್ ಒಂದೇ. ಉಳಿದದ್ದರಲ್ಲಿ ನನ್ನನ್ನು ಬೈದಿದ್ದರೂ ಗೊತ್ತಾಗುವಂತಿರಲಿಲ್ಲ. ಕೊನೆಗೆ ಸೌಟನ್ನು ನನ್ನ ಮುಖದ ಮುಂದೆ ಹಿಡಿದು, "ಸಿಂದುಕ್‌ನ್ಯಾ ಲಾಯ್ನ್ ಕಾ?" ಅಂದಳು. ಸೌಟು ಬೇರೆ ಐತೇನು ಅಂತ, ಮಗಳು ಇಂಗ್ಲಿಷಿನಲ್ಲಿ ಕೇಳಿ ತಿಳಿಸಿದಳು. ಆ ಹೆಂಗಸು ನನ್ನಿಂದ ಮೂರು ಸಲ ಹೇಳಿಸಿದಳು. ತಪ್ಪಿದಾಗ, "ಕಡಾ!" ಎಂದು ಗದರಿದಳು. ಈ ಸಲ ಕಣ್ಣು ನನ್ನ ಮೇಲೇ ಇತ್ತು.

ಮೊಮ್ಮಗಳಿಗೆ ಹೋಗು ಅಂದೆ. ನಂಬಿ ಅಲ್ಲ, ಆ ಮಾತು ಬಾಯಿಪಾಠ ಮಾಡಿಸಿ.

ಮೊನ್ನೆ ಅಲ್ಲಿಂದ ವಿಡಿಯೋ ಕಾಲ್ ಮಾಡಿದ್ದಳು. "ಅಜ್ಜಿ, ಪ್ರತಿ ಊಟಕ್ಕೂ ಕೇಳಿದ್ರೆ ಅವ್ರಿಗೆ ರೂಡ್ ಅನ್ಸುತ್ತೆ."

"ಅನಸಲಿ. ಸೌಟು ತೋರಸು."

ನಕ್ಕು ಎರಡು ಸೌಟು ಎತ್ತಿ ಹಿಡಿದಳು. ಸಿಗಡಿ ಮುಟ್ಟದ ಒಂದಕ್ಕೆ ಗುರುತಿಗೆ ಹಸಿರು ದಾರ ಕಟ್ಟಿತ್ತು.

"ಅದನ್ನ ಹೊಳ್ಳಿಸು," ಅಂದೆ. "ಬೆನ್ನು ನೋಡಬೇಕು."