ಸೋಮವಾರ ಮುಟ್ಟದ ಕಾರ್ಡು

ಕಂಪ್ಯೂಟರ್ ಕಾಕಾ ಅವರ ಕೊರಳಲ್ಲಿ ಎರಡು ದಾರ. ಒಂದರ ತುದಿಗೆ ಲಿಂಗದ ಬೆಳ್ಳಿ ಕರಡಿಗೆ, ಇನ್ನೊಂದರ ತುದಿಗೆ ಕೆಂಪು ಪೆನ್‌ಡ್ರೈವ್. ಬಗ್ಗಿದರೆ ಎರಡೂ ಟಣ್ ಎಂದು ತಾಗುತ್ತಿದ್ದವು.

ಹಡಗಲಿಯ ನಮ್ಮ ಫೋಟೊ ಸ್ಟುಡಿಯೊಕ್ಕೆ ಅವರು ಕೊಟ್ಟೂರಿನಿಂದ ಬರುತ್ತಿದ್ದರು. ರೇಡಿಯೊ, ಟಿವಿ ರಿಪೇರಿ ಮುಗಿಸಿ ಕಂಪ್ಯೂಟರಿಗೆ ಬಂದವರು. ಮೊದಲು ಮಂಡಕ್ಕಿ ಮಿರ್ಚಿ ತರಿಸಿಕೊಂಡು ತಿನ್ನುವರು, ಆಮೇಲೆ ಕೈಯನ್ನು ಫೋಟೊಗೆಂದು ಹಿಂದೆ ಕಟ್ಟಿದ ಬಟ್ಟೆಯ ಪರದೆಗೆ ಒರೆಸುವರು. ಅಲ್ಲಿ ಬರೆಸಿದ ತಾಜಮಹಲಿನ ಒಂದು ಕಂಬದ ಮೇಲೆ ಇಂದಿಗೂ ಎಣ್ಣೆಯ ಗುರುತಿದೆ.

ನಮ್ಮವರು ಮದುವೆಗಳ ಫೋಟೊ ತೆಗೆದರೆ ಆಲ್ಬಮ್ ಮಾಡುವುದು ನಾನು. ಅದಕ್ಕೆಂದು ಕಾಕಾ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದ್ದರು. ಕಾಲ ಕಳೆದಂತೆ ಕಂಪನಿ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೊಡುವುದನ್ನೇ ನಿಲ್ಲಿಸಿತು. ನೆಟ್ ಬಂದಾಗಲೆಲ್ಲ ಕಂಪ್ಯೂಟರ್ ಹಳೆಯ ಡ್ರೈವರ್ ಕಿತ್ತೆಸೆದು ತನಗೆ ತೋಚಿದ್ದನ್ನು ಹಾಕಿಕೊಳ್ಳುವುದು. ಪರದೆಯ ಮೇಲಿನ ಮುಖಗಳೆಲ್ಲ ಹಸಿರಾಗುವುದು. ಹೊಸ ಕಾರ್ಡ್ ಹಾಕೋಣವೆಂದರೆ ಕಾಕಾ ಒಪ್ಪುತ್ತಿರಲಿಲ್ಲ. "ಹಡದಾವ್ರು ಕೈ ಬಿಟ್ರು ಅಂತ ನಾವೂ ಬಿಡಾಕ ಬರ್ತೈತೇನು ತಂಗಿ?" ಎನ್ನುವರು. ಹಳೆಯ ಡ್ರೈವರ್ ಇದ್ದದ್ದು ಆ ಕೆಂಪು ಪೆನ್‌ಡ್ರೈವಿನಲ್ಲಿ ಮಾತ್ರ.

ಒಮ್ಮೆ ಮಾಗಳದಿಂದ ಮದುಮಗಳ ತಾಯಿ ಆಲ್ಬಮ್ಮಿಗೆ ಫೋಟೊ ಆರಿಸಲು ಬಂದರು. ಇವತ್ತು ಆಗದಿದ್ದರೆ ಎಲ್ಲವನ್ನೂ ದಾವಣಗೆರೆಗೆ ಒಯ್ಯುವುದಾಗಿ ಬರುತ್ತಲೇ ಹೇಳಿದ್ದರು. ಆಕೆ ಕೈಬಿಟ್ಟರೆ ಮಾಗಳದ ಮದುವೆಗಳೆಲ್ಲ ನಮ್ಮ ಕೈಬಿಟ್ಟಂತೆ. ಕಂಪ್ಯೂಟರ್ ಹಾಕಿದೆ.

"ಅಳಿಯಾ ಯಾಕ ಹಿಂಗ ಹಸರಾಗ್ಯಾನ?" ಎಂದರು ಆಕೆ.

ದೇವರಿಗೆ ಮಲ್ಲಿಗೆ ಒಯ್ಯಲು ಊರಿಗೆ ಬಂದಿದ್ದ ಕಾಕಾ ಅಷ್ಟರಲ್ಲಿ ಹೊಸ್ತಿಲಲ್ಲಿ ಕಾಣಿಸಿದರು. ನನಗೆ ಹೋದ ಜೀವ ಬಂತು. ಆದರೆ ಅವರು ಒಳಗೆ ಕಾಲಿಡಲಿಲ್ಲ. ಅಂದು ಸೋಮವಾರ.

"ಸೋಮಾರ ಎತ್ತಿಗೂ ನೊಗ ಇಡೋದಿಲ್ಲ. ಇದೂ ವಾರೆಲ್ಲಾ ದುಡಿದೈತಿ. ನಾ ಮುಟ್ಟೋದಿಲ್ಲ ನೋಡು."

ಕಮತದ ಮನೆಯ ಆ ತಾಯಿ, "ಅದೂ ಖರೇನ ಬಿಡ್ರಿ" ಎಂದು ತಲೆಯಾಡಿಸಿ ಹೊರಡಲು ಎದ್ದೇಬಿಟ್ಟರು. ನನ್ನ ಮುಖ ನೋಡಿದ ಕಾಕಾ ಕೊರಳಿನಿಂದ ಪೆನ್‌ಡ್ರೈವಿನ ದಾರ ತೆಗೆದರು.

"ಹೂಡಬಾರ್ದು ಅಂದಾರ. ಮೇವು ಹಾಕಬಾರ್ದು ಅಂತ ಯಾರೂ ಅಂದಿಲ್ಲ. ತಗೋ, ನೀನ ಹಾಕು."

ಕೈ ಹಿಂದೆ ಕಟ್ಟಿಕೊಂಡು ಹೊಸ್ತಿಲಾಚೆಯಿಂದಲೇ ಹೇಳುತ್ತಾ ಹೋದರು: ನೆಟ್ಟಿನ ವೈರ್ ಕೀಳು, ಹೊಸ ಡ್ರೈವರ್ ತೆಗಿ, ಹಳೇದು ಹಾಕು. ನಾನು ತಡವರಿಸಿದಾಗ ಅವರ ಬಲಗೈ ತಾನಾಗಿ ಮುಂದೆ ಬಂತು. ಎಡಗೈಯಿಂದ ಅದಕ್ಕೊಂದು ಏಟು ಕೊಟ್ಟು ಮತ್ತೆ ಹಿಂದಕ್ಕೆಳೆದುಕೊಂಡರು. ಕೊನೆಗೆ ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಅಳಿಯ ಮನುಷ್ಯರ ಬಣ್ಣಕ್ಕೆ ಬಂದ.

"ಮದುವ್ಯಾಗ ಇದ್ದದ್ದಕ್ಕಿಂತ ಈಗ ಚಲೋ ಕಾಣ್ತಾನ" ಎನ್ನುತ್ತಾ ಆಕೆ ಮತ್ತೆ ಕೂತರು. ಮಾಗಳದ ಮದುವೆಗಳು ನಮ್ಮಲ್ಲೇ ಉಳಿದವು.

ಹೋದ ವರ್ಷ ಕಾಕಾ ಲಿಂಗೈಕ್ಯರಾದರು. ಲಿಂಗ ಅವರ ಅಂಗೈಯಲ್ಲೇ ಮಣ್ಣಿಗೆ ಹೋಯಿತು. ಮಾತಾಡಿಸಲು ಹೋದ ನನ್ನ ಕೈಗೆ ಅವರ ಹೆಂಡತಿ ಕಕ್ಕಿ ಇನ್ನೊಂದು ದಾರ ಇಟ್ಟರು. "ಇದನ್ನೂ ಸಂಗಡ ಇಡೋಣೇನು ಅಂತ ಮಂದಿ ಕೇಳಿದ್ರವ್ವಾ. ಬ್ಯಾಡ, ಹಡಗಲ್ಯಾಗ ಒಬ್ಬಾಕಿ ಹಸರ ಮುಖಾ ನೋಡಿಕೋತ ಕುಂದರ್ತಾಳ ಅಂದೆ."

ಅದೀಗ ನನ್ನ ಕೊರಳಲ್ಲಿ ತಾಳಿಯ ಪಕ್ಕದಲ್ಲಿದೆ. ಸೋಮವಾರ ಮಾತ್ರ ತೆಗೆದು ಮೊಳೆಗೆ ತೂಗುಹಾಕುತ್ತೇನೆ. ಅಂದು ಪರದೆ ಹಸಿರಾದರೆ ಗಿರಾಕಿಗಳಿಗೆ ಮಂಗಳವಾರ ಬರಲು ಹೇಳುತ್ತೇನೆ. ತೀರಾ ಅವಸರದವರು ಬಂದರೆ ಮಾತ್ರ ಒಂದಿಷ್ಟು ಮೇವು ಹಾಕುತ್ತೇನೆ.