ಕಪ್ಪು ಕತ್ತರಿಯ ಮೇಲಿನ ಗೀರು

ಈ ಕುರಿ ಕತ್ತರಿಗೆ ನಾನು ತೆತ್ತದ್ದು ಒಂದು ಇಡೀ ಆರ್ಡರು. ಅಳೆದು ಬಂದ ಅಂಕಿಯ ಜೊತೆಗೂ ಚೌಕಾಸಿ ಮಾಡಬಹುದು ಅಂದುಕೊಂಡಿದ್ದ ಕಾಲ ಅದು. ನಿನ್ನೆ ಹಿರಿಯೂರಿನ ನನ್ನ ಅಂಗಡಿಯಲ್ಲಿ ದಾರ ಕತ್ತರಿಸಲೆಂದು ಡ್ರಾಯರಿಗೆ ಕೈ ಹಾಕಿದರೆ ಇದೇ ಸಿಕ್ಕಿತು. ಕಪ್ಪು ಅಲಗಿನ ಮೇಲೆ ಕೂದಲೆಳೆಯಂಥ ಗೀರು... ಅದನ್ನು ಎಳೆದವರು ಚಿತ್ರದುರ್ಗದ ಕಾಲೇಜೊಂದರ ಲ್ಯಾಬಿನ ಮೇಡಂ.

ಕುರಿಯ ಉಣ್ಣೆ ತೆಗೆಯುವ ಕತ್ತರಿ ಮಾಡಿಸಿ ಮಾರುವುದು ನನ್ನ ಕಸುಬು. ಅಲಗು ಬೇಗ ಸವೆಯದಿರಲಿ ಎಂದು ಅದಕ್ಕೆ ಗಟ್ಟಿ ಇಂಗಾಲದ ತೆಳು ಲೇಪ ಹಾಕಿಸಿದ್ದೆ. ಲೇಪ ಲೋಹವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಲ್ಯಾಬಿನಿಂದ ಬರೆಸಿಕೊಂಡು ಬಂದರೆ ಮಾತ್ರ ಮಾಲು ಎತ್ತುತ್ತೇನೆ ಎಂದಿದ್ದ ಹೊರಜಿಲ್ಲೆಯ ವ್ಯಾಪಾರಿ. ಮೇಡಂ ಅವರ ಯಂತ್ರದಲ್ಲಿ ವಜ್ರದ ಮೊನೆಯೊಂದು ಭಾರ ಹೆಚ್ಚಿಸಿಕೊಳ್ಳುತ್ತ ಅಲಗಿನ ಮೇಲೆ ಸಾಗುತ್ತಿತ್ತು. ಯಾವ ಭಾರಕ್ಕೆ ಲೇಪ ಕಿತ್ತುಬರುತ್ತದೋ ಅದೇ ಅಂಕಿ. ನನ್ನದು ವ್ಯಾಪಾರಿ ಕೇಳಿದ್ದಕ್ಕಿಂತ ಕಡಿಮೆ ಬಂತು.

"ನೀವು ಸ್ವಲ್ಪ ಮೇಲೆ ಬರ್ರಿ ಮೇಡಂ, ಅವನನ್ನ ನಾನು ಸ್ವಲ್ಪ ಕೆಳಗೆ ಇಳಿಸ್ತೀನಿ. ನಡುವಿಂದು ಬರ್ದು ಸಹಿ ಹಾಕ್ರಿ" ಅಂದೆ.

ಪಕ್ಕದಲ್ಲಿದ್ದ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ.

"ಇದೇನು ತೆಂಗಿನಕಾಯಿ ರಾಶಿನಾ ಯಜಮಾನ್ರೇ? ಬರ್ರಿ, ಕುಂತ್ಕಳ್ರಿ, ನೀವೇ ನೋಡ್ರಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗೀರಿನ ಎರಡೂ ಬದಿ ಲೇಪ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆಯೆದ್ದಿತ್ತು. "ಈ ಚಕ್ಕೆ ಕುರಿ ಮೈಮೇಲೆ ಉದುರ್ತಾವೆ. ಕುರಿ ಹತ್ರ ಹೆಂಗೆ ಚೌಕಾಸಿ ಮಾಡ್ತೀರಿ?"

ಹರಿಯಬ್ಬೆಯಲ್ಲಿ ಕುರಿ ಕಾಯುತ್ತಿದ್ದವನ ಮಗ ನಾನು. ತಲೆ ಎತ್ತಲಾಗಲಿಲ್ಲ. ಹೊರಡುವಾಗ ಅವರು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಲೇಪದ ಕೆಳಗೆ ಎಣ್ಣೆ ಜಿಡ್ಡು ಉಳ್ಕಂಡೈತೆ ಅನ್ಸುತ್ತೆ. ಚೆನ್ನಾಗಿ ತೊಳೆಸಿ ಹಾಕ್ಸಿ ನೋಡ್ರಿ" ಅಂದರು. ಥ್ಯಾಂಕ್ಸ್ ಕೂಡ ಹೇಳದೆ ಮೆಟ್ಟಿಲಿಳಿದುಬಿಟ್ಟೆ.

ಆ ಆರ್ಡರು ಕೈತಪ್ಪಿತು. ಅವರು ಹೇಳಿದಂತೆಯೇ ಮಾಡಿಸಿದ ಮೇಲೆ ಲೇಪವೇನೋ ನಿಂತಿತು, ಆದರೆ ಮತ್ತೆ ಅವರೆದುರು ನಿಲ್ಲಲು ನನಗೆ ಮುಖವಿರಲಿಲ್ಲ. ಮುಂದಿನ ಮಾದರಿಗಳನ್ನೆಲ್ಲ ಪೊಟ್ಟಣ ಕಟ್ಟಿ ದುರ್ಗದ ಬಸ್ಸಿಗೆ ಹಾಕುತ್ತಿದ್ದೆ. ಅವರ ಸಹಿ ಹೊತ್ತು ವರದಿ ಬರುತ್ತಿತ್ತು... ಒಂದು ಸಲ ಬೇರೆಯವರ ಸಹಿ ಇತ್ತು. ಫೋನ್ ಮಾಡಿ ಕೇಳಿದೆ. ಮೇಡಂ ತೀರಿಕೊಂಡು ಆಗಲೇ ಎಷ್ಟೋ ದಿನವಾಗಿತ್ತು.

ನೀವೂ ಇಂಥ ಕಸುಬಿನಲ್ಲಿದ್ದರೆ ನನ್ನ ಮಾತು ಕೇಳಿ. ಲೇಪಕ್ಕೆ ಮೊದಲು ಜಿಡ್ಡು ತೊಳೆಸಿ. ಬಂದ ಅಂಕಿಯನ್ನು ಬಂದ ಹಾಗೇ ಒಪ್ಪಿಕೊಳ್ಳಿ. ಮಾದರಿಯನ್ನು ಮಾತ್ರ ಬಸ್ಸಿಗೆ ಹಾಕಬೇಡಿ. ಎಷ್ಟೇ ನಾಚಿಕೆಯಾಗಲಿ, ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗಿ.